ವಿಹಾರದ ಕೆರೆಗೆ ಮೊದಲು ಕೋಡಿ

ಕುಮಾರಧಾರೆಯು ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಸಂಗಮಿಸುವುದಕ್ಕೆ ಮುನ್ನ ಎಡಬಲಗಳಿಂದ ತನ್ನೊಡಲಿಗೆ ಸೇರಿಸಿಕೊಳ್ಳುವ ಅಸಂಖ್ಯ ತೋಡುಗಳೆಲ್ಲ ಗುಡ್ಡದ ಮಡಿಲಿನಲ್ಲಿ ಹುಟ್ಟಿ, ಅಡಿಕೆ ತೋಟಗಳ ನಡುವೆ ಹರಿದು, ಬೈಲಿಗಿಳಿದು ನದಿಯನ್ನು ಮುಟ್ಟುವಂಥವು. ಹಿಂದೆ ಪುತ್ತೂರು ತಾಲೂಕಿನಲ್ಲಿದ್ದು ಈಗ ಕಡಬಕ್ಕೆ ಸೇರಿರುವ ಪೆರಾಬೆ, ಅದರ ಆಸುಪಾಸಿನ ಕುಂತೂರು, ಆಲಂಕಾರು, ರಾಮಕುಂಜಗಳ ನೆಲವೆಲ್ಲ ಇಂಥ ಏರಿಳಿತಗಳಿಂದಲೇ ಆದುದು. ಎರಡು ಗುಡ್ಡಗಳು ಸಮೀಪಿಸುವ ಇಕ್ಕಟ್ಟಿನಲ್ಲಿ ಜೆಸಿಬಿಯೊಂದನ್ನು ಕೆಲವು ದಿನ ದುಡಿಸಿದರೆ ಮಣ್ಣಿನ ದಂಡೆಯೊಂದು ಏಳುತ್ತದೆ. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಅದರ ಹಿಂದೆ ನೀರು ನಿಲ್ಲುತ್ತದೆ. ಮರುವರ್ಷ ದಂಡೆಯ ನೆತ್ತಿಗೆ ಇಂಟರ್‌ಲಾಕ್ ಹಾಸಿ, ಬೆಂಚುಗಳನ್ನಿಟ್ಟು, ಪೆಡಲ್ ದೋಣಿ ಎರಡನ್ನು ಬಿಟ್ಟರೆ, ಊರಿಗೂ ಒಂದು ವಿಹಾರತಾಣ ಆಯಿತೆಂದು ಎಲ್ಲರೂ ಸಂತೋಷಪಡುವುದು ಸಹಜ.

ಈ ಸಂತೋಷವನ್ನು ಅಲ್ಲಗಳೆಯುವವನು ನಾನಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1864ರಲ್ಲಿ, ಮೈಸೂರಿನಲ್ಲಿ ಆದ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ಬೆಳಗುಬೈಗು ನಡೆದಾಡಿದ ತಲೆಮಾರುಗಳು ಪಡೆದ ಆರೋಗ್ಯವನ್ನೂ ಪ್ರಸನ್ನತೆಯನ್ನೂ ಯಾರು ಅಳೆದಾರು? ನಮ್ಮ ಜಿಲ್ಲೆಯ ಪಿಲಿಕುಳದಲ್ಲಿ ದೋಣಿ ಹತ್ತಿದ ಮಕ್ಕಳ ಮುಖವನ್ನು ನೋಡಿದವರು ಜಲವಿಹಾರವು ಕೇವಲ ಸಿರಿವಂತರ ಭೋಗವೆಂದು ಹೇಳಲಾರರು. ಮಂಗಳೂರಿನವರೆಗೆ ಹೋಗಿಬರುವ ಅನುಕೂಲವಿಲ್ಲದ ಮನೆಗಳ ಮಕ್ಕಳಿಗೂ ವೃದ್ಧರಿಗೂ ಸಂಜೆಯ ಹೊತ್ತನ್ನು ನೀರಿನ ಬದಿಯಲ್ಲಿ ಕಳೆಯುವ ಸೌಕರ್ಯ ತಮ್ಮ ಗ್ರಾಮದಲ್ಲಿಯೇ ಇರಬೇಕೆಂಬುದು ನ್ಯಾಯವಾದ ಅಪೇಕ್ಷೆ. ನನ್ನ ಆಕ್ಷೇಪ ಇರುವುದು ಕೆಲಸದ ಅನುಕ್ರಮದ ಬಗೆಗೆ. ಬೆಂಚು, ದೀಪ, ದೋಣಿ, ನಾಮಫಲಕ ಇವುಗಳೆಲ್ಲ ಮೊದಲು ಬಂದು, ಹೆಚ್ಚಾದ ನೀರು ಹೊರಗೆ ಹೋಗುವ ಕೋಡಿ ಕಟ್ಟಕಡೆಗೆ ಬರುವುದಾದರೆ, ಕೆಲವೊಮ್ಮೆ ಬಾರದೆಯೇ ಹೋಗುವುದಾದರೆ, ಅಂಥ ತಾಣವನ್ನು ಊರಿನ ಮೇಲೆ ಹೇರುವ ಅಧಿಕಾರ ಯಾವ ಪಂಚಾಯತಿಗೂ ಯಾವ ದಾನಿಗೂ ಇಲ್ಲವೆಂದು ನಾನು ತಿಳಿದಿದ್ದೇನೆ.

ಮಣ್ಣಿನ ದಂಡೆಯ ಹಿಂದೆ ನೀರು ನಿಂತ ಕ್ಷಣದಿಂದ ಅದು ಅಣೆಕಟ್ಟು. ಅದನ್ನು ಕೆರೆಯೆನ್ನಿ, ಕೊಳವೆನ್ನಿ, ಉದ್ಯಾನವೆನ್ನಿ, ನೀರಿಗೆ ಈ ಹೆಸರುಗಳ ಗೊಡವೆ ಇಲ್ಲ. 2022ರ ಏಪ್ರಿಲ್ 24ರಂದು ಆರಂಭವಾದ ಅಮೃತ ಸರೋವರ ಯೋಜನೆಯಲ್ಲಿ ಒಂದು ಸರೋವರಕ್ಕೆ ನಿಗದಿಯಾದ ಕನಿಷ್ಠ ಪ್ರಮಾಣ ಒಂದು ಎಕ್ರೆ ವಿಸ್ತಾರ, 10,000 ಘನ ಮೀಟರ್ ನೀರು. ಕೇಳುವುದಕ್ಕೆ ಇದು ಅಲ್ಪವೆನಿಸಬಹುದು. ಆದರೆ 10,000 ಘನ ಮೀಟರ್ ಎಂದರೆ ಒಂದು ಕೋಟಿ ಲೀಟರ್, ಅದರ ತೂಕ 10,000 ಟನ್. ಇನ್ನು ಆ ಕೆರೆಗೆ ನೀರನ್ನೂಡುವ ಗುಡ್ಡದ ಇಳಿಜಾರು ಐವತ್ತು ಎಕ್ರೆ ಎಂದು ಇಟ್ಟುಕೊಳ್ಳಿ. ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಬಿದ್ದು, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲಿಯೇ ಸುರಿದುಹೋಗುವ ನಮ್ಮ ಸೀಮೆಯಲ್ಲಿ, ಒಂದೇ ದಿನಕ್ಕೆ 100 ಮಿಲಿಮೀಟರ್ ಸುರಿಯುವುದು ಆಟಿಯ ದಿನಗಳಲ್ಲಿ ಯಾರನ್ನೂ ಬೆರಗುಗೊಳಿಸುವ ಸಂಗತಿಯಲ್ಲ. ಆ ಒಂದು ದಿನ ಆ ಐವತ್ತು ಎಕ್ರೆಯ ಮೇಲೆ ಬೀಳುವ ನೀರು ಎರಡು ಕೋಟಿ ಲೀಟರ್. ಅರ್ಧಾಂಶ ಇಂಗಿತೆಂದರೂ ಉಳಿದ ಅರ್ಧ ಕೆರೆಯನ್ನು ಬುಡದಿಂದ ಅಂಚಿನವರೆಗೆ ಇನ್ನೊಮ್ಮೆ ತುಂಬಬಲ್ಲುದು. ಆ ಹೊತ್ತಿಗೆ ಕೆರೆ ಮೊದಲೇ ತುಂಬಿರುತ್ತದೆಂಬುದನ್ನು ಹೇಳಬೇಕಾಗಿಲ್ಲ. ಹೀಗೆ ಬರುವ ನೀರಿಗೆ ದಾರಿ ಯಾವುದೆಂಬ ಪ್ರಶ್ನೆಗೆ ಉತ್ತರ ದೊರೆಯದೆ ಒಂದು ಬುಟ್ಟಿ ಮಣ್ಣನ್ನೂ ಹಾಕಕೂಡದು.

ನಮ್ಮ ಹಿರಿಯರು ಈ ಪ್ರಶ್ನೆಗೆ ಎರಡು ಬಗೆಯ ಉತ್ತರಗಳನ್ನು ಕಂಡುಕೊಂಡಿದ್ದರು. ಮೊದಲನೆಯದು ಕಟ್ಟ. ಮಳೆಗಾಲ ಮುಗಿದು, ಡಿಸೆಂಬರಿನ ಹೊತ್ತಿಗೆ ತೋಡಿನ ಹರಿವು ಕ್ಷೀಣಿಸಿದಾಗ, ಆಚೀಚೆಯ ತೋಟದವರೆಲ್ಲ ಒಟ್ಟುಗೂಡಿ ಅಡಿಕೆ ಮರದ ಕಂಬಗಳನ್ನು ಊರಿ, ಕಾಡುಕಲ್ಲು ಪೇರಿಸಿ, ಸೊಪ್ಪನ್ನೂ ಮಣ್ಣನ್ನೂ ತುಂಬಿ ನೀರನ್ನು ತಡೆಯುತ್ತಿದ್ದರು. ಬೇಸಗೆಯಲ್ಲಿ ತೋಟಕ್ಕೂ ಬಾವಿಗೂ ಅದರಿಂದ ಜೀವ ಬರುತ್ತಿತ್ತು. ಮುಂಗಾರಿಗೆ ಮುನ್ನ ಅದನ್ನು ಕೈಯಾರೆ ಬಿಡಿಸುತ್ತಿದ್ದರು, ಇಲ್ಲವೇ ಮೊದಲ ನೆರೆ ಅದನ್ನು ಒಯ್ಯುವುದೆಂಬುದನ್ನು ತಿಳಿದೇ ಕಟ್ಟಿರುತ್ತಿದ್ದರು. ಕಾಸರಗೋಡಿನ ಏತಡ್ಕದಲ್ಲಿ ಈ ಪದ್ಧತಿ ಸಾಲು ಕಟ್ಟಗಳಾಗಿ ಉಳಿದುಬಂದ ಕತೆಯನ್ನು ಪುತ್ತೂರಿನಿಂದ ಹೊರಡುವ ‘ಅಡಿಕೆ ಪತ್ರಿಕೆ’ಯ ಓದುಗರು ಬಲ್ಲರು. ಎರಡನೆಯದು ಮದಕ. ಗುಡ್ಡದ ಮೈಯಲ್ಲಿ ಸಹಜವಾಗಿ ತಗ್ಗಾದ ಸ್ಥಳದ ಕೆಳಬದಿಗೆ ಮಣ್ಣಿನ ದಂಡೆ ಹಾಕಿ ಮಳೆನೀರನ್ನು ನಿಲ್ಲಿಸಿ, ಅದು ನೆಲದೊಳಗಿಳಿದು ಕೆಳಗಿನ ಬಾವಿ, ಕೆರೆ, ಸುರಂಗಗಳಲ್ಲಿ ಬೇಸಗೆಯಲ್ಲಿ ಮರಳಿ ಕಾಣಿಸಿಕೊಳ್ಳುವಂತೆ ಮಾಡುವ ಉಪಾಯವದು. ಶ್ರೀ ಪಡ್ರೆಯವರು ಇದರ ಕುರಿತು ವರ್ಷಗಟ್ಟಲೆ ಬರೆದು ನಾಡಿನ ಗಮನಕ್ಕೆ ತಂದಿದ್ದಾರೆ. ಮದಕದ ದಂಡೆ ಮಳೆಗಾಲದಲ್ಲಿಯೂ ನಿಲ್ಲತಕ್ಕದ್ದು. ಆದುದರಿಂದ ಅದನ್ನು ತೋಡಿನ ಮುಖ್ಯ ಹರಿವಿಗೆ ಅಡ್ಡವಾಗಿ ಹಾಕದೆ, ನೀರನ್ನೂಡುವ ನೆಲ ಅಲ್ಪವಾಗಿರುವ ಗುಡ್ಡದ ಮೇಲ್ಭಾಗದಲ್ಲಿ ಹಾಕುವುದೂ, ತುಂಬಿದ ನೀರು ಮಣ್ಣಿನ ದಂಡೆಯನ್ನು ಮುಟ್ಟದೆ ಬದಿಯ ಗಟ್ಟಿನೆಲದ ಮೇಲಿನಿಂದ ಇಳಿದುಹೋಗುವಂತೆ ಬಿಡುವುದೂ ಅದರ ಕ್ರಮ.

ಒಂದನ್ನು ಮಳೆಗಾಲದಲ್ಲಿ ಉಳಿಸುವಂತಿಲ್ಲ. ಇನ್ನೊಂದನ್ನು ಕೋಡಿಯಿಲ್ಲದೆ ಬಿಡುವಂತಿಲ್ಲ. ಹೊಸದಾಗಿ ಹುಟ್ಟುತ್ತಿರುವ ವಿಹಾರದ ದಂಡೆಯಾದರೋ ಕಟ್ಟದಂತೆ ತೋಡಿಗೆ ಅಡ್ಡವಾಗಿ ನಿಂತು, ಮದಕದಂತೆ ಮಳೆಗಾಲವನ್ನು ಕಳೆಯಬೇಕಾಗಿ ಬಂದು, ಎರಡರ ಶಿಸ್ತಿಗೂ ಹೊರಗಾಗಿದೆ. ನೀರು ತುಂಬಿ ತುಳುಕುವಂತಿದ್ದರೆ ಮಾತ್ರ ದೋಣಿವಿಹಾರಕ್ಕೆ ಶೋಭೆಯೆಂದು ಮಟ್ಟವನ್ನು ಸದಾ ಅಂಚಿನ ಸಮೀಪದಲ್ಲಿರಿಸುವ ಆಶೆಯೂ ಇದಕ್ಕೆ ಕೂಡಿಕೊಳ್ಳುತ್ತದೆ. ಕೃಷಿಯ ಕೆರೆ ಬೇಸಗೆಯಲ್ಲಿ ಬರಿದಾಗುವುದರಿಂದ ಅದರ ಏರಿಯನ್ನು ವರ್ಷಕ್ಕೊಮ್ಮೆ ಒಳಬದಿಯಿಂದಲೂ ನೋಡುವುದಕ್ಕೆ ಅವಕಾಶವಿರುತ್ತಿತ್ತು, ಇಲ್ಲಿ ಆ ಅವಕಾಶವೂ ತಪ್ಪುತ್ತದೆ.

ಮಣ್ಣಿನ ಅಣೆಕಟ್ಟು ಕೆಡುವ ಬಗೆಗಳು ಹಲವಲ್ಲ. ನೀರು ನೆತ್ತಿಯನ್ನು ದಾಟಿ ಹೊರಮೈಯ ಮೇಲೆ ಇಳಿಯತೊಡಗಿದರೆ, ಕಲ್ಲಿನ ಗೋಡೆ ಸಹಿಸಬಹುದಾದುದನ್ನು ಮಣ್ಣು ಸಹಿಸಲಾರದು. ಒಂದು ಮೊಳದ ಸೀಳು ಗಂಟೆಯೊಳಗೆ ಕಂದರವಾಗುತ್ತದೆ. ಎರಡನೆಯದು ಕಣ್ಣಿಗೆ ಬೀಳದಂತೆ ಒಳಗಿನಿಂದ ನಡೆಯುವ ಕೊರೆತ. ಇದು ನಮ್ಮ ನೆಲಕ್ಕೆ ವಿಶೇಷವಾಗಿ ಅನ್ವಯಿಸುವ ಅಪಾಯವಾದುದರಿಂದ ಸ್ವಲ್ಪ ವಿಸ್ತರಿಸಿ ಹೇಳುವುದು ಉಚಿತ. ದಕ್ಷಿಣ ಕನ್ನಡದ ಗುಡ್ಡಗಳಲ್ಲಿ ಮೇಲಿನ ಮುರಕಲ್ಲಿನ ಪದರವನ್ನು ಕೀಳುತ್ತಲೇ ಅದರಡಿಯಲ್ಲಿ ಬಿಳಿ, ಹಳದಿ, ನಸುಗೆಂಪು ಛಾಯೆಗಳ ಶೇಡಿ ಮಣ್ಣು ಕಾಣಿಸುತ್ತದೆ. ಒಣಗಿದಾಗ ಅದು ಪಿಕಾಸಿಗೂ ಸುಲಭವಾಗಿ ಬಗ್ಗದು. ನೀರು ಕುಡಿದರೆ ತನ್ನ ಬಲವನ್ನೆಲ್ಲ ಕಳೆದುಕೊಂಡು ಹರಿಯತೊಡಗುತ್ತದೆ. ಮನೆಯ ಹಿಂದಿನ ಧರೆ ಆಷಾಢದ ರಾತ್ರಿ ಜರಿದುಬೀಳುವುದಕ್ಕೆ ಅನೇಕ ಸಲ ಇದೇ ಕಾರಣ. ಆದರೂ ದಂಡೆ ಕಟ್ಟುವಾಗ ಸಾಗಾಟದ ಖರ್ಚನ್ನು ಉಳಿಸುವುದಕ್ಕಾಗಿ ಪಕ್ಕದ ಗುಡ್ಡವನ್ನು ಅಗೆದು ಬಂದ ಮಣ್ಣನ್ನೇ, ಬೇರ್ಪಡಿಸದೆ, ತೆಳುವಾದ ಪದರಗಳಲ್ಲಿ ಹದವರಿತು ನೀರು ಚಿಮುಕಿಸಿ ರೋಲರಿನಿಂದ ಅದುಮದೆ ಸುರಿದುಬಿಡುವುದುಂಟು. ಅದರ ಗರ್ಭದಲ್ಲಿ ಶೇಡಿ ಎಷ್ಟು ಸೇರಿತು, ಎಲ್ಲಿ ಸೇರಿತು ಎಂಬುದನ್ನು ಆಮೇಲೆ ಯಾರೂ ಹೇಳಲಾರರು. ದಂಡೆಯೊಳಗೆ ಪೈಪೊಂದನ್ನು ಹಾಯಿಸಿದ್ದರಂತೂ ನೀರು ಪೈಪಿನ ಹೊರಮೈಯನ್ನು ಹಿಡಿದುಕೊಂಡು ಹರಿದು ತನ್ನ ದಾರಿಯನ್ನು ಸವೆಸುತ್ತದೆ.

ಇದನ್ನು ಕಂಡುಹಿಡಿಯುವುದಕ್ಕೆ ದೊಡ್ಡ ಯಂತ್ರಗಳು ಬೇಕಿಲ್ಲ. ಏರಿಯ ಹೊರಬದಿಯ ಬುಡದಲ್ಲಿ ನಿಂತು ನೋಡಬೇಕು. ಸುತ್ತಲಿನ ಹುಲ್ಲು ಒಣಗಿರುವಾಗ ಒಂದು ಮಗ್ಗುಲಲ್ಲಿ ಮಾತ್ರ ಹಸುರು ಹಸುರಾಗಿದ್ದರೆ, ಅಲ್ಲಿ ಕಾಲಿಟ್ಟಾಗ ಹಿಮ್ಮಡಿ ಹೂತುಹೋದರೆ, ನೀರು ಒಳಗಿನಿಂದ ಬರುತ್ತಿದೆಯೆಂದು ತಿಳಿಯಬೇಕು. ಹಾಗೆ ಒಸರುವ ನೀರನ್ನು ಗಾಜಿನ ಲೋಟದಲ್ಲಿ ಹಿಡಿದು ಕಾಲು ಗಂಟೆ ಅಲುಗಿಸದೆ ಇಡಬೇಕು. ನೀರು ತಿಳಿಯಾಗಿಯೇ ಇದ್ದರೆ ವಾರಕ್ಕೊಮ್ಮೆ ಬಂದು ಅದರ ಪ್ರಮಾಣ ಹೆಚ್ಚಿತೇ ಎಂದು ಗಮನಿಸುತ್ತಿರಬೇಕು. ಲೋಟದ ತಳದಲ್ಲಿ ನಸುಬಿಳಿಯ ಗಸಿ ನಿಂತಿತೋ, ದಂಡೆಯ ಮಣ್ಣು ಕಣಕಣವಾಗಿ ಹೊರಬರುತ್ತಿದೆಯೆಂದೇ ಅರ್ಥ, ಆಗ ಕೆರೆಯ ಮಟ್ಟವನ್ನು ಇಳಿಸುವುದಕ್ಕೆ ಅಂದೇ ಕೈಹಾಕಬೇಕು, ಕೆಳಗಿನ ಮನೆಗಳವರಿಗೆ ಅಂದೇ ತಿಳಿಸಬೇಕು. ಏಡಿಯ ಬಿಲಗಳನ್ನೂ ಹೀಗೆಯೇ ಹುಡುಕಬೇಕು: ಬಾಯಲ್ಲಿ ಗುಳಿಗೆ ಗುಳಿಗೆಯಾಗಿ ಹೊರತಳ್ಳಿದ ಹಸಿಮಣ್ಣು ಇದ್ದರೆ ಏಡಿ ಒಳಗಿದೆ, ಬಿಲ ಬೆಳೆಯುತ್ತಿದೆ. ನೆರಳಿಗೆಂದು ಏರಿಯ ಮೇಲೆಯೇ ಮರ ನೆಡುವವರ ಸದುದ್ದೇಶವನ್ನು ಶಂಕಿಸುವಂತಿಲ್ಲವಾದರೂ, ಆ ಮರ ಸತ್ತು ಬೇರು ಕೊಳೆತ ಮೇಲೆ ಉಳಿಯುವ ಪೊಳ್ಳು ನೀರಿಗೆ ಸಿದ್ಧವಾದ ಕಾಲುವೆಯಾಗುತ್ತದೆ. ಹುಲ್ಲು ಹಿಡಿದ, ಮರವಿಲ್ಲದ, ಎಲ್ಲ ಕಡೆಯಿಂದಲೂ ಕಣ್ಣಿಗೆ ಕಾಣುವ ಏರಿಯೇ ಒಳ್ಳೆಯ ಏರಿ.

ಕ್ರಿ.ಶ. 1369ರಲ್ಲಿ, ವಿಜಯನಗರದ ಬುಕ್ಕರಾಯನ ಮಗ ಭಾಸ್ಕರನು ಈಗಿನ ಕಡಪ ಜಿಲ್ಲೆಯ ಪೊರುಮಾಮಿಳ್ಳದಲ್ಲಿ ಕೆರೆ ಕಟ್ಟಿಸಿ ಬರೆಸಿದ ಶಾಸನದಲ್ಲಿ ಒಳ್ಳೆಯ ಕೆರೆಯ ಹನ್ನೆರಡು ಸಾಧನಗಳನ್ನೂ ಆರು ದೋಷಗಳನ್ನೂ ಎಣಿಸಿದೆ; ಆ ದೋಷಗಳಲ್ಲಿ ಮೊದಲನೆಯದು ಏರಿಯಿಂದ ನೀರು ಒಸರುವುದು. ಆರು ಶತಮಾನಗಳಿಗೂ ಹಿಂದೆ ಕಲ್ಲಿನಲ್ಲಿ ಕೊರೆದಿಟ್ಟ ಈ ತಿಳಿವಳಿಕೆ ಇಂದಿನ ಅಂದಾಜು ಪಟ್ಟಿಗಳಲ್ಲಿ ಬೆಂಚಿನ ಬೆಲೆಯಷ್ಟು ಸ್ಥಾನವನ್ನಾದರೂ ಪಡೆಯಬೇಡವೆ? ಅಂದಿನವರು ಕೆರೆ ಕಟ್ಟಿಸಿ ಸುಮ್ಮನಾಗಲಿಲ್ಲ; ಕಟ್ಟುಕೊಡಗೆ, ಬಿತ್ತುವಟ್ಟ ಮೊದಲಾದ ದತ್ತಿಗಳಿಂದ ಭೂಮಿಯನ್ನು ಬಿಟ್ಟು, ಏರಿಗೆ ಮಣ್ಣು ಹೇರುವ ಬಂಡಿಯ ಖರ್ಚು ಕೂಡ ವರ್ಷವರ್ಷವೂ ತಾನಾಗಿ ಒದಗುವಂತೆ ಮಾಡಿದರು.

ವಿಹಾರಕ್ಕಾಗಿಯೇ ಇಟ್ಟುಕೊಂಡ ಮಣ್ಣಿನ ಅಣೆಕಟ್ಟು ಏನು ಮಾಡಬಲ್ಲುದೆಂಬುದಕ್ಕೆ ಜಗತ್ತು ಅತ್ಯಂತ ದಾರುಣವಾದ ದೃಷ್ಟಾಂತವನ್ನು 1889ರ ಮೇ 31ರಂದು ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಕಂಡಿತು. ಕಾಲುವೆಗೆ ನೀರೊದಗಿಸುವುದಕ್ಕೆಂದು ಕಟ್ಟಿದ್ದ ಸೌತ್ ಫೋರ್ಕ್ ಅಣೆಕಟ್ಟು, ಕಾಲುವೆ ನಿರುಪಯುಕ್ತವಾದ ಮೇಲೆ, ಕಾರ್ನೆಗಿಯಂಥ ಧನಾಢ್ಯರು ಸದಸ್ಯರಾಗಿದ್ದ ಮೀನುಗಾರಿಕೆ ಮತ್ತು ಬೇಟೆಯ ಕ್ಲಬ್ಬೊಂದರ ಕೈಸೇರಿತ್ತು. ತಳದಲ್ಲಿ ನೀರು ಬಿಡುವ ಕಬ್ಬಿಣದ ಪೈಪುಗಳನ್ನು ಹಿಂದಿನ ಒಡೆಯನೇ ಕಿತ್ತು ಮಾರಿದ್ದನು. ಕ್ಲಬ್ಬಿನವರು ಅವನ್ನು ಮರಳಿ ಹಾಕಿಸಲಿಲ್ಲ. ಗಾಡಿಗಳು ಎದುರುಬದುರಾಗಿ ಹಾಯಲೆಂದು ನೆತ್ತಿಯನ್ನು ತಗ್ಗಿಸಿದರು. ಸಾಕಿದ ಮೀನು ಹೊರಹೋಗದಿರಲೆಂದು ಕೋಡಿಗೆ ಜಾಲರಿ ಹಾಕಿದರು. ಮಹಾಮಳೆಯ ದಿನ ಆ ಜಾಲರಿಗೆ ಕಸಕಡ್ಡಿ ಕಟ್ಟಿಕೊಂಡಿತು. 72 ಅಡಿ ಎತ್ತರದ ಏರಿ ಒಡೆದು, ಹದಿನಾಲ್ಕು ಮೈಲಿ ಕೆಳಗಿನ ಜಾನ್ಸ್‌ಟೌನ್ ಪಟ್ಟಣದಲ್ಲಿಯೂ ದಾರಿಯ ಹಳ್ಳಿಗಳಲ್ಲಿಯೂ 2,209 ಜನ ಸತ್ತರು. ಅಷ್ಟು ದೊಡ್ಡದು ನಮ್ಮಲ್ಲಿ ಎಲ್ಲಿದೆ ಎನ್ನುವವರಿಗೆ ಜಾರ್ಜಿಯಾದ ಟೊಕೋವಾದ ಕೆಲ್ಲಿ ಬಾರ್ನ್ಸ್ ಅಣೆಕಟ್ಟನ್ನು ತೋರಿಸಬೇಕಾಗುತ್ತದೆ. ಅದರ ಎತ್ತರ 40 ಅಡಿಯನ್ನೂ ಮುಟ್ಟುತ್ತಿರಲಿಲ್ಲ. ವಿದ್ಯುತ್ ಉತ್ಪಾದನೆ ನಿಂತ ಮೇಲೆ ಅದು ವಿಹಾರದ ಸರೋವರವಾಗಿ ಉಳಿದಿತ್ತು. 1977ರ ನವೆಂಬರ್ 6ರಂದು ನಸುಕಿಗೆ ಮುನ್ನ ಒಡೆದು ಕೆಳಗಿನ ಬೈಬಲ್ ಕಾಲೇಜಿನ ಆವರಣದಲ್ಲಿ 39 ಜನರನ್ನು ಒಯ್ದಿತು.

ದೂರದ ಮಾತು ಬೇಡವೆಂದರೆ ನಮ್ಮದೇ ಸಹ್ಯಾದ್ರಿಯ ಪಡುಮೈಯಲ್ಲಿ, ನಮ್ಮಂಥದೇ ಮಳೆ, ನಮ್ಮಂಥದೇ ಮುರಕಲ್ಲಿನ ನೆಲವಿರುವ ರತ್ನಾಗಿರಿ ಜಿಲ್ಲೆಯ ತಿವರೆಯಲ್ಲಿ 2019ರ ಜುಲೈ 2ರ ರಾತ್ರಿ ಮಣ್ಣಿನ ಅಣೆಕಟ್ಟು ಒಡೆದು ಇಪ್ಪತ್ತರಷ್ಟು ಜನ ಪ್ರಾಣ ಕಳೆದುಕೊಂಡರು. ನೀರು ಸೋರುತ್ತಿದೆಯೆಂದು ಗ್ರಾಮಸ್ಥರು ಮೊದಲೇ ದೂರಿದ್ದರು. ಏಡಿಗಳು ಕೊರೆದುದೇ ಕಾರಣವೆಂದು ಆಗಿನ ಸಚಿವರೊಬ್ಬರು ಹೇಳಿದರು. ಏಡಿಗಳು ಕೊರೆಯುವುದು ನಿಜ. ಆದರೆ ಅವು ಒಂದು ರಾತ್ರಿಯಲ್ಲಿ ಕೊರೆಯುವುದಿಲ್ಲ, ಮತ್ತು ಏರಿಯ ಬುಡದಲ್ಲಿ ನಡೆದುನೋಡುವ ಮನುಷ್ಯನೊಬ್ಬನನ್ನು ನೇಮಿಸುವುದು ಏಡಿಗಳ ಕೆಲಸವಲ್ಲ. ಅದೇ ವರ್ಷದ ನವೆಂಬರ್ 24ರಂದು, ಮುಂಗಾರು ಕಳೆದು ಎಷ್ಟೋ ದಿನಗಳಾದ ಮೇಲೆ, ಬೆಂಗಳೂರಿನ ಹುಳಿಮಾವು ಕೆರೆಯ ಏರಿ ಅಗೆತದಿಂದ ಒಡೆದು ನೂರಾರು ಮನೆಗಳಿಗೆ ನೀರು ನುಗ್ಗಿತು.

ಕಾನೂನು ಇದೆಯಲ್ಲ ಎಂಬ ಸಮಾಧಾನಕ್ಕೂ ಇಲ್ಲಿ ಎಡೆಯಿಲ್ಲ. 2021ರ ಅಣೆಕಟ್ಟು ಸುರಕ್ಷತಾ ಅಧಿನಿಯಮವು 15 ಮೀಟರಿಗಿಂತ ಎತ್ತರದವನ್ನೂ, 10ರಿಂದ 15 ಮೀಟರಿನ ನಡುವಣವುಗಳಲ್ಲಿ ಉದ್ದ, ಸಂಗ್ರಹ ಮೊದಲಾದವುಗಳಲ್ಲಿ ಗೊತ್ತಾದ ಮಿತಿಗಳನ್ನು ಮುಟ್ಟಿದವನ್ನೂ ಮಾತ್ರ ತನ್ನ ವ್ಯಾಪ್ತಿಗೆ ತೆಗೆದುಕೊಳ್ಳುತ್ತದೆ. ಟೊಕೋವಾದಂಥ ಅಣೆಕಟ್ಟು ನಮ್ಮಲ್ಲಿದ್ದಿದ್ದರೆ ಬಹುಶಃ ಅದರ ಹೊರಗೇ ಉಳಿಯುತ್ತಿತ್ತು. ನಮ್ಮ ಐದಾರು ಮೀಟರಿನ ದಂಡೆಗಳಂತೂ ಸಂಶಯವೇ ಇಲ್ಲದೆ ಹೊರಗೆ. ಹಣ ಕೊಟ್ಟ ಇಲಾಖೆ ಉದ್ಘಾಟನೆಯ ನಂತರ ಪಂಚಾಯತಿಗೆ ಒಪ್ಪಿಸುತ್ತದೆ. ಪಂಚಾಯತಿಯಲ್ಲಿ ಅಣೆಕಟ್ಟನ್ನು ಬಲ್ಲ ಎಂಜಿನಿಯರು ಇರುವುದಿಲ್ಲ. ಹೀಗೆ ದಂಡೆ ಅನಾಥವಾಗುತ್ತದೆ.

ಪರಿಸರದ ವಿಷಯವನ್ನು ನಾನು ಬೇರೆಯಾಗಿ ಎಣಿಸುವುದಿಲ್ಲ. ಏರಿಗೆ ಒಳ್ಳೆಯದಾದುದು ಬಹುತೇಕ ತೋಡಿಗೂ ಒಳ್ಳೆಯದು. ಕೆರೆಯ ಒಳಮೈಗೆ ನಾಲ್ಕು ಸುತ್ತಲೂ ಕಾಂಕ್ರೀಟು ಹೊದಿಸಿದರೆ ಇಂಗುವ ನೀರು ನಿಲ್ಲುತ್ತದೆ, ಕಪ್ಪೆಗೆ ಹತ್ತುವ ದಡವಿಲ್ಲದಾಗುತ್ತದೆ, ಕಾಲುಜಾರಿ ಬಿದ್ದ ಮಗುವಿಗೂ ಹಿಡಿಯುವುದಕ್ಕೆ ಆಸರೆ ಇಲ್ಲದಾಗುತ್ತದೆ. ಜಿಲ್ಲೆಯಲ್ಲಿ ಬಿಟ್ಟುಹೋದ ಮುರಕಲ್ಲಿನ ಕೋರೆಗಳ ಕಡಿದಾದ ಅಂಚಿನ ನೀರಿನಲ್ಲಿ ಮಕ್ಕಳು ಮುಳುಗಿದ ದುಃಖವನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಜನ ನೀರಿಗಿಳಿಯುವ ಕಡೆಯಾದರೂ ದಡ ಹಂತಹಂತವಾಗಿ ಆಳವಾಗಬೇಕು. ಹಗ್ಗ ಕಟ್ಟಿದ ಟ್ಯೂಬುಗಳು ಕೈಗೆಟಕುವಲ್ಲಿ ತೂಗಬೇಕು. ತೋಡಿನ ಇಕ್ಕೆಲಗಳ ಕೇದಗೆಯ ಪೊದೆಗಳನ್ನು ಸೌಂದರ್ಯದ ಹೆಸರಿನಲ್ಲಿ ಕೀಳಬಾರದು. ಫೆಬ್ರವರಿ, ಮಾರ್ಚಿಯಲ್ಲಿ ಕೆಳಗಿನ ತೋಟದವನ ಪಾಲಿನ ಸಣ್ಣ ಹರಿವನ್ನು ದೋಣಿಯ ಸಲುವಾಗಿ ತಡೆದಿಡುವುದು ಅನ್ಯಾಯ. ತೂಬಿನ ಮೂಲಕ ಅದು ನಿರಂತರವಾಗಿ ಹರಿಯಲೇಬೇಕು. ಆ ತೂಬೇ, ಆಪತ್ತಿನ ದಿನ, ಕೆರೆಯ ಮಟ್ಟವನ್ನು ಇಳಿಸುವ ಸಾಧನವೂ ಆದೀತು.

ಮಾಡಬೇಕಾದುದು ನಮ್ಮ ಅಳವಿಗೆ ಮೀರಿದುದಲ್ಲ. ಕಡಬ, ಪುತ್ತೂರು, ಸುಳ್ಯ ಈ ಮೂರು ತಾಲೂಕುಗಳ ಪ್ರತಿ ಗ್ರಾಮ ಪಂಚಾಯತಿಯೂ ತನ್ನ ಮೇರೆಯೊಳಗೆ ಮಳೆಗಾಲದಲ್ಲಿ ನೀರು ನಿಲ್ಲಿಸುವ ಮಣ್ಣಿನ ದಂಡೆ ಎಷ್ಟಿವೆ, ಯಾರ ಸ್ವತ್ತು, ಎತ್ತರ ಎಷ್ಟು, ಕೋಡಿಯ ಅಗಲ ಎಷ್ಟು, ಕೆಳಗಿನ ಬೈಲಿನಲ್ಲಿ ಮನೆಗಳು ಎಷ್ಟು ಎಂಬುದನ್ನು ಒಂದು ಪುಸ್ತಕದಲ್ಲಿ ಬರೆದಿಡಲಿ. ಖಾಸಗಿ ರೆಸಾರ್ಟಿನ ಕೊಳವೂ ಅದರಲ್ಲಿ ಬರಲಿ. ಸುರತ್ಕಲ್ಲಿನ ಎನ್‌ಐಟಿಕೆಯಲ್ಲಿ ಶೇಡಿ ಮಣ್ಣಿನ ಕುರಿತು ಅಧ್ಯಯನ ಮಾಡಿದ ವಿದ್ವಾಂಸರಿದ್ದಾರೆ. ಪುತ್ತೂರು, ಸುಳ್ಯಗಳಲ್ಲಿ ಎಂಜಿನಿಯರಿಂಗ್ ಕಾಲೇಜುಗಳಿವೆ. ಅವರ ವಿದ್ಯಾರ್ಥಿಗಳು ಅಧ್ಯಾಪಕರೊಡನೆ ಬಂದು ವರ್ಷಕ್ಕೊಮ್ಮೆ ಏರಿಯನ್ನು ಪರೀಕ್ಷಿಸುವುದು ಅವರ ಪಾಠಕ್ಕೂ ನಮ್ಮ ಕ್ಷೇಮಕ್ಕೂ ಒದಗುವುದು. ದೋಣಿಯ ಟಿಕೇಟಿನಿಂದ ಬಂದ ಹಣದಲ್ಲಿ ಒಂದು ಪಾಲನ್ನು ಏರಿಯ ದುರಸ್ತಿಗೆಂದೇ ಬೇರಿರಿಸಬೇಕು; ಅದು ಇಂದಿನ ಕಟ್ಟುಕೊಡಗೆ. ಮಳೆಗಾಲದಲ್ಲಿ ಕೋಡಿಯ ಬಾಯಿಂದ ಕಸ ತೆಗೆಯುವುದಕ್ಕೆ, ಅಗತ್ಯ ಬಿದ್ದರೆ ನಡುರಾತ್ರಿ ಕೆಳಗಿನ ಮನೆಗಳಿಗೆ ಫೋನು ಮಾಡುವುದಕ್ಕೆ, ಕೆಲಸವೆಂದು ಸಂಬಳ ಪಡೆಯುವ ಒಬ್ಬನಿರಬೇಕು. ನೇತ್ರಾವತಿಯ ಎರಡು ದಡಗಳವರು ಇಂದಿಗೂ ಮಾರಿಬೊಳ್ಳವೆಂದು ಕರೆಯುವ 1923ರ ನೆರೆಯನ್ನು ತಂದುದು ಆಕಾಶ. ಕೆರೆಯೊಡೆದು ಬರುವ ನೆರೆ ಮನುಷ್ಯನ ಕೈಯದು, ಅದಕ್ಕೆ ಉತ್ತರ ಹೇಳತಕ್ಕವರ ಹೆಸರು ಮೊದಲೇ ಗೊತ್ತಿರಬೇಕು.

ಬೇಶ ತಿಂಗಳ ಹತ್ತಕ್ಕೆ, ಎಂದರೆ ಮೇ 24ರ ಆಸುಪಾಸಿಗೆ ಬರುವ ಪತ್ತನಾಜೆಯಂದು ತುಳುನಾಡಿನಲ್ಲಿ ಯಕ್ಷಗಾನದ ಮೇಳಗಳು ತಿರುಗಾಟವನ್ನು ಮುಗಿಸುತ್ತವೆ, ಉತ್ಸವಗಳು ನಿಲ್ಲುತ್ತವೆ, ಎಲ್ಲರೂ ಮಳೆಗೆ ಸಿದ್ಧರಾಗುತ್ತಾರೆ. ಅಂದಿನೊಳಗಾಗಿ ಪ್ರತಿ ವಿಹಾರದ ಕೆರೆಯ ಏರಿಯನ್ನೂ ಕೋಡಿಯನ್ನೂ ತೂಬನ್ನೂ ನೋಡಿ ಮುಗಿಸಿ, ಏನು ಕಂಡಿತು, ಏನನ್ನು ಸರಿಪಡಿಸಲಾಯಿತು ಎಂಬುದನ್ನು ನೋಡಿದವರ ಸಹಿಯೊಡನೆ ಪಂಚಾಯತಿ ಕಚೇರಿಯ ಬಾಗಿಲಿಗೆ ಅಂಟಿಸಬೇಕೆಂದು ನಾನು ಪೆರಾಬೆಯಿಂದಲೇ ಕೇಳುತ್ತೇನೆ. ಆ ಕಾಗದ ಅಂಟಿಸದ ಕೆರೆಯಲ್ಲಿ ಜೂನ್ ಒಂದರಿಂದ ದೋಣಿ ಇಳಿಯಕೂಡದು, ಹಾಗೂ ತೂಬನ್ನು ತೆರೆದು ನೀರನ್ನು ಅರ್ಧಕ್ಕಿಳಿಸಿಯೇ ಆ ಮಳೆಗಾಲವನ್ನು ಕಳೆಯತಕ್ಕದ್ದು.